ಸಿಟ್ಟಲ್ಲಿ ಬಂದ ಪೋಷಕರನ್ನು ಮೊದಲು ಕೂರಿಸಿ, ಆಮೇಲೆ ಕೇಳಿ

ಪ್ರಾರ್ಥನೆ ಇನ್ನೂ ಮುಗಿದಿಲ್ಲ. ಒಬ್ಬ ತಂದೆ ಗೇಟು ತಳ್ಳಿಕೊಂಡು ಬರುತ್ತಾರೆ. 'ನನ್ ಮಗಳನ್ನ ಹೊರಗೆ ಯಾಕೆ ನಿಲ್ಲಿಸಿದ್ರಿ?' ಹಿಂದೆಯೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರು. ಸ್ಟಾಫ್ ರೂಮಿನಲ್ಲಿ ಟೀಚರ್ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ನಾನು ಮುಖ್ಯ ಶಿಕ್ಷಕಿಯಾಗಿದ್ದಾಗ ಹೀಗೇ ಆಯಿತು. 'ದಿನಾ ಲೇಟಾಗಿ ಬಂದರೆ ಇನ್ನೇನು ಮಾಡೋದು?' ಎಂದುಬಿಟ್ಟೆ. ಮೂರು ದಿನ ಹುಡುಗಿ ಶಾಲೆಗೇ ಬರಲಿಲ್ಲ. ಆಮೇಲೆ ಕಲಿತದ್ದು ಇಷ್ಟು.

ಮೊದಲು ಕೂರಿಸಿ. ಮೇಜಿನ ಆಚೆ ಅಲ್ಲ, ನಿಮ್ಮ ಪಕ್ಕದಲ್ಲೇ ಕುರ್ಚಿ ಹಾಕಿ. ಒಂದು ಲೋಟ ನೀರು ಕೊಡಿ.

ಆಮೇಲೆ ನಿಮಗೆ ನಿಜಕ್ಕೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಿ. 'ಯಾಕೆ' ಬೇಡ. ಅದು ಕಿವಿಗೆ ಬಿದ್ದ ಕೂಡಲೇ ಯಾರಾದರೂ ವಾದಕ್ಕೆ ನಿಲ್ಲುತ್ತಾರೆ, ಅಲ್ವಾ? ನಾಲ್ಕನೇ ದಿನ ನಾನು ಅವರ ಮನೆಗೇ ಹೋಗಿ, 'ಅವತ್ತು ಮಗು ಮನೆಗೆ ಬಂದು ಏನಂದಳು?' ಎಂದೆ. ಅವಳು ಏನೂ ಹೇಳಿರಲಿಲ್ಲ, ಊಟ ಬಿಟ್ಟು ಮಲಗಿದ್ದಳಂತೆ. ಬಾಗಿಲ ಬಳಿ ಐದು ಪ್ಲಾಸ್ಟಿಕ್ ಬಿಂದಿಗೆ ಸಾಲಾಗಿದ್ದವು. ತಾಯಿ ಏಳಕ್ಕೇ ಗಾರ್ಮೆಂಟ್ಸ್‌ಗೆ ಹೊರಡುತ್ತಾರೆ. ಬೀದಿ ನಲ್ಲಿಯಲ್ಲಿ ನೀರು ಬಿಡುವುದು ಒಂಬತ್ತರ ಮೇಲೆ. ಹಿಡಿಯುವವಳು ಇವಳೇ.

ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿ: 'ಊಟ ಬಿಟ್ಟಳಲ್ಲ ಅಂತ ನಿಮಗೆ ಸಂಕಟ ಆಗಿದೆ.' ಹೀಗಂದರೆ ಟೀಚರ್ ತಪ್ಪು ಅಂತ ಒಪ್ಪಿಕೊಂಡಂತಲ್ಲ. ಅವರ ನೋವು ನಿಮಗೆ ತಲುಪಿತು ಅಂತ, ಅಷ್ಟೇ.

ಟೀಚರ್‌ನೂ ಹೀಗೇ ಕೇಳಿ, ಬೇರೆಯಾಗಿ. ಚಟುವಟಿಕೆಗಳ ಮೂಲಕ ಕಲಿಸುವ ನಲಿ ಕಲಿ ತರಗತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೇ ಇರುತ್ತಾರೆ. ಟೀಚರ್ ಸುಸ್ತೂ ಸುಳ್ಳಲ್ಲ. ಆದರೆ ಒಂದನ್ನು ನೇರವಾಗಿ ಹೇಳಲೇಬೇಕು: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತೆಯೂ ಇಲ್ಲ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರಂತೂ ರಾಜಿ ಮಾತೇ ಬೇಡ. ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಕೊನೆಗೆ ಪೋಷಕರು, ಟೀಚರ್ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಒಂದೇ ಒಂದು ಸಣ್ಣ ತೀರ್ಮಾನ ಮಾಡಿ. ನಮ್ಮಲ್ಲಿ ಆದದ್ದು: ನೀರು ಬರುವ ದಿನ ಅವಳು ಎಷ್ಟು ಹೊತ್ತಿಗೆ ಬಂದರೂ ನೇರ ಒಳಗೆ ಬಂದು ಕೂರುವುದು. ಎಸ್‌ಡಿಎಂಸಿಯ ತಾಯಂದಿರನ್ನೂ ಕರೆದಿದ್ದೆ. ಅವರಲ್ಲೊಬ್ಬರು, 'ನಮ್ಮ ಬಿಂದಿಗೆ ಜೊತೆ ಅವಳದ್ದೂ ಹಿಡಿದಿಡ್ತೀನಿ ಬಿಡಿ' ಅಂದರು.

ವಾರ ಬಿಟ್ಟು ಪೋಷಕರಿಗೆ ನೀವೇ ಫೋನ್ ಮಾಡಿ. ತಪ್ಪು ಒಪ್ಪು ಏನೂ ಎತ್ತಬೇಡಿ. 'ನೀರಿನ ದಿನ ಈಗ ಹೇಗೆ ನಡೀತಿದೆ?' ಅಂತ ಮಾತ್ರ ಕೇಳಿ.