ಲ್ಯಾಪ್‌ಟಾಪ್‌ನಲ್ಲೇ ಒಂದು ಡಿಎನ್‌ಎಸ್ ಕ್ಯಾಶ್

ವೈಫೈ ಸಿಗ್ನಲ್ ಪೂರ್ತಿ ಇದ್ದರೂ ಪೇಜ್ ತೆರೆಯುವ ಮುಂಚೆ ಬ್ರೌಸರ್ ಸುಮ್ನೆ ಕೂರುತ್ತದಾ? ಎಷ್ಟೋ ಸಲ ತಡವಾಗುವುದು ಸೈಟಿನ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕುವ ಕೆಲಸದಲ್ಲಿ, ಅಂದರೆ ಡಿಎನ್‌ಎಸ್‌ನಲ್ಲಿ. ಸಿಕ್ಕ ಉತ್ತರವನ್ನು ಲ್ಯಾಪ್‌ಟಾಪ್‌ನಲ್ಲೇ ನೆನಪಿಟ್ಟುಕೊಂಡರೆ (ಇದೇ ಕ್ಯಾಶ್) ಪ್ರತಿಸಲ ಹುಡುಕಬೇಕಿಲ್ಲ. ನಾನು ಇದಕ್ಕೆ ಬಳಸುವುದು ಅನ್‌ಬೌಂಡ್ ಎಂಬ ಪ್ರೋಗ್ರಾಮ್. ಡಿಎನ್‌ಎಸ್‌ಮಾಸ್ಕ್ ಇನ್ನೂ ಹಗುರ, ಆದರೆ ಅದು ಪ್ರಶ್ನೆಯನ್ನು ಬೇರೆ ಸರ್ವರ್‌ಗೆ ದಾಟಿಸುತ್ತದೆ ಅಷ್ಟೆ. ಅನ್‌ಬೌಂಡ್ ಡಿಎನ್‌ಎಸ್‌ನ ಮೇಲ್ತುದಿಯ ರೂಟ್ ಸರ್ವರ್‌ನಿಂದ ಶುರುಮಾಡಿ ತಾನೇ ಉತ್ತರ ಹುಡುಕುತ್ತದೆ.

ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಅನ್‌ಬೌಂಡ್ ಪ್ಯಾಕೇಜ್ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಅದು 127.0.0.1ರಲ್ಲಿ (ಲ್ಯಾಪ್‌ಟಾಪ್ ತನ್ನನ್ನೇ ಕರೆಯುವ ವಿಳಾಸ), ಡಿಎನ್‌ಎಸ್‌ನ ಪೋರ್ಟ್ 53ರಲ್ಲಿ ಕಾಯುತ್ತಿರುತ್ತದೆ. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಗೂ ಇಂಥದೇ ಒಂದು ರಿಸಾಲ್ವರ್ (ಹೆಸರು ಹುಡುಕುವ ಸೇವೆ) ಇದೆ; ಅದು ಕೂರುವುದು 127.0.0.53ರಲ್ಲಿ, ಹಾಗಾಗಿ ಜಗಳವಿಲ್ಲ.

ವೈಫೈ ಸೆಟ್ಟಿಂಗ್ ಬದಲಾಯಿಸುವ ಮೊದಲು ಪರೀಕ್ಷಿಸಿ. ಟರ್ಮಿನಲ್‌ನಲ್ಲಿ ಡಿಗ್ ಎಂಬ ಕಮಾಂಡ್ ಬಳಸಿ, 127.0.0.1ಕ್ಕೆ ಒಂದೇ ಹೆಸರನ್ನು ಎರಡು ಸಲ ಕೇಳಿ. ಕೊನೆಯಲ್ಲಿ ಬರುವ 'ಕ್ವೆರಿ ಟೈಮ್' ಸಾಲು ನೋಡಿ: ಮೊದಲ ಸಲ ಹತ್ತಾರು ಮಿಲಿಸೆಕೆಂಡ್, ಎರಡನೇ ಸಲ ಹೆಚ್ಚುಕಮ್ಮಿ 0. ಉತ್ತರದ ಸಾಲಿನಲ್ಲಿರುವ ಟಿಟಿಎಲ್ ಅಂಕಿಯೂ (ಆ ಉತ್ತರ ಇನ್ನೆಷ್ಟು ಸೆಕೆಂಡ್ ಚಾಲ್ತಿಯಲ್ಲಿರುತ್ತದೆ ಎಂಬುದು) ಇಳಿದಿರುತ್ತದೆ. ಅದು 0 ಆಗುವವರೆಗೆ ಉತ್ತರ ಕ್ಯಾಶ್‌ನಿಂದಲೇ.

ಈಗ ವೈಫೈ ಸೆಟ್ಟಿಂಗ್‌ನ ಐಪಿವಿ4 ಭಾಗದಲ್ಲಿ ಡಿಎನ್‌ಎಸ್‌ನ ಆಟೋಮ್ಯಾಟಿಕ್ ಆಫ್ ಮಾಡಿ, 127.0.0.1 ಬರೆಯಿರಿ. ಐಪಿವಿ6ನಲ್ಲೂ ಆಟೋಮ್ಯಾಟಿಕ್ ಆಫ್ ಮಾಡಿ. ಇದನ್ನು ಮರೆಯುವವರೇ ಜಾಸ್ತಿ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಅನ್‌ಬೌಂಡ್ ಕಾನ್ಫಿಗ್‌ನಲ್ಲಿ ನಾನು ಸೇರಿಸುವುದು ಪ್ರಿಫೆಚ್ ಒಂದನ್ನೇ. ಪದೇಪದೇ ಕೇಳುವ ಹೆಸರುಗಳನ್ನು ಅವಧಿ ಮುಗಿಯುವ ಮುಂಚೆಯೇ ಹೊಸದು ಮಾಡಿಕೊಳ್ಳುತ್ತದೆ.

ಲಾಗಿನ್ ಪೇಜ್ ಕೇಳುವ ಸಾರ್ವಜನಿಕ ವೈಫೈಯಲ್ಲಿ ಆ ಪೇಜ್ ಬರದಿದ್ದರೆ, ಅಲ್ಲಿ ಮಾತ್ರ ಆಟೋಮ್ಯಾಟಿಕ್‌ಗೆ ಮರಳಿ. ಎಲ್ಲ ಹೆಸರಿಗೂ 'ಸರ್ವ್‌ಫೇಲ್' (ಉತ್ತರ ಕೊಡಲಾಗಲಿಲ್ಲ) ಎಂದು ಬಂದರೆ ಲ್ಯಾಪ್‌ಟಾಪ್ ಗಡಿಯಾರ ನೋಡಿ. ತಾರೀಖು ತಪ್ಪಿದ್ದರೆ ಉತ್ತರ ಅಸಲಿಯೆಂದು ತೋರಿಸುವ ಡಿಎನ್‌ಎಸ್‌ಸೆಕ್ ಸಹಿಗಳನ್ನು ಅನ್‌ಬೌಂಡ್ ಒಪ್ಪುವುದಿಲ್ಲ.