ಎಬ್ಬಿಸದೆ ಎಣಿಸುವುದು: ಬಾವಲಿಗಳ ಶಿಶಿರನಿದ್ರೆಯ ಲೆಕ್ಕ

ಅಮೆರಿಕದ ಈಶಾನ್ಯ ರಾಜ್ಯಗಳ ಗುಹೆಗಳಲ್ಲಿ, ಕೈಬಿಟ್ಟ ಗಣಿಗಳಲ್ಲಿ ಚಳಿಗಾಲ ಕಳೆಯುವ ಲಿಟಲ್ ಬ್ರೌನ್ ಬಾವಲಿಯನ್ನು ಅಕ್ಟೋಬರಿನಲ್ಲಿ ತೂಗಿದರೆ 9 ಗ್ರಾಂ ಆಸುಪಾಸು ಬರುತ್ತದೆ. ಅದರಲ್ಲಿ ಎರಡು, ಎರಡೂವರೆ ಗ್ರಾಂ ಬರೀ ಕೊಬ್ಬು. ಮತ್ತೆ ಹುಳ ಸಿಗುವವರೆಗೆ, ಅಂದರೆ ಸುಮಾರು 180 ದಿನ, ಅಷ್ಟರಲ್ಲೇ ಬದುಕಬೇಕು. ಜಡಸ್ಥಿತಿಗೆ (ಟಾರ್ಪರ್) ಇಳಿದಾಗ ಮೈಬಿಸಿ ಗುಹೆಯ ಬಂಡೆಗಿಂತ ಒಂದೆರಡು ಡಿಗ್ರಿ ಮಾತ್ರ ಮೇಲಿರುತ್ತದೆ. ಹೃದಯ ನಿಮಿಷಕ್ಕೆ 10–20 ಸಲ ಬಡಿದರೆ ಹೆಚ್ಚು. 5 ಡಿಗ್ರಿ ಗುಹೆಯಲ್ಲಿ ಆರು ತಿಂಗಳು ಹೀಗೇ ನೇತಾಡಿಕೊಂಡಿದ್ದರೆ ಅರ್ಧ ಗ್ರಾಂನಷ್ಟು ಕೊಬ್ಬು ಸಾಕು. ಆದರೆ ಎರಡು ಮೂರು ವಾರಕ್ಕೊಮ್ಮೆ ಅದು ಎದ್ದೇ ಏಳುತ್ತದೆ, ಮತ್ತು ಒಂದು ಸಲ ಏಳಲು 0.1 ಗ್ರಾಂ ಕೊಬ್ಬು ಬೇಕು. 15 ದಿನಕ್ಕೊಮ್ಮೆ ಎಂದರೆ 12 ಸಲ, 1.2 ಗ್ರಾಂ. ಚಳಿಗಾಲದ ಖರ್ಚಿನ ಮುಕ್ಕಾಲು ಪಾಲಿನ ಹತ್ತಿರ ಹೋಗುವುದು ಎಚ್ಚರವಿರುವ ಆ ಕೆಲವೇ ಗಂಟೆಗಳಿಗೆ. ಆದ್ದರಿಂದ ನಾವು ಎಣಿಸುವುದು ನಿದ್ರೆಯನ್ನಲ್ಲ, ಏಳುವುದನ್ನು. ಆ ಎಣಿಕೆಗಾಗಿ ನಾವೇ ಒಂದು ಸಲವೂ ಎಬ್ಬಿಸಬಾರದು.

ಸಲಕರಣೆಯೆಲ್ಲ ಸೆಪ್ಟೆಂಬರಿನೊಳಗೆ, ಬಾವಲಿಗಳು ನೆಲೆ ನಿಲ್ಲುವ ಮೊದಲೇ ಒಳಗೆ ಹೋಗಿರಬೇಕು. ಬಂಡೆಯ ಉಷ್ಣಾಂಶಕ್ಕೆ ಐಬಟನ್ ದಾಖಲೆಗುಂಡಿ ಸಾಕು. 2048 ಅಳತೆ ಹಿಡಿಸುವ ಮಾದರಿಯಾದರೆ ಗಂಟೆಗೊಂದರಂತೆ 85 ದಿನಕ್ಕೆ ತುಂಬಿಹೋಗುತ್ತದೆ, ಅಂದರೆ ನಡುಚಳಿಗಾಲದಲ್ಲೇ ಕುರುಡಾಗುತ್ತದೆ. ಎರಡು ಗಂಟೆಗೊಂದು ಇಟ್ಟರೆ 170 ದಿನ. ಗುಹೆಯ ಉಷ್ಣಾಂಶ ನಿಧಾನಕ್ಕೆ ಬದಲಾಗುವುದರಿಂದ ಅದರಿಂದ ನಷ್ಟವಿಲ್ಲ. ತೇವಾಂಶದ ಅಳತೆಯನ್ನು ಮಾತ್ರ ಪೂರ್ತಿ ನಂಬಬೇಡಿ: ಸದಾ ನೂರರ ಹತ್ತಿರವಿರುವ ತೇವದಲ್ಲಿ ಸೆನ್ಸರ್ ನೆನೆದು, ತಿಂಗಳು ಕಳೆದಂತೆ ಹೆಚ್ಚು ಹೆಚ್ಚು ತೋರಿಸುತ್ತದೆ.

ಕ್ಯಾಮೆರಾಗೆ 940 ನ್ಯಾನೋಮೀಟರ್ ಅವಕೆಂಪು ದೀಪವೇ ಆಗಬೇಕು. 850ರದ್ದು ಕತ್ತಲಲ್ಲಿ ಮಂದ ಕೆಂಪಾಗಿ ಕಾಣುತ್ತದೆ. ಬ್ಯಾಟರಿಯನ್ನು ಕೇಬಲ್ ಎಳೆದು ಗುಹೆಯ ಬಾಯಿಯ ಹೊರಗೆ ಇಡುತ್ತೇವೆ, ಬದಲಿಸಲು ಒಳಗೆ ಹೋಗಬೇಕಾಗುವುದಿಲ್ಲ. ಲೆನ್ಸಿಗೆ ಹನಿ ಕಟ್ಟದಂತೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್. ಐದು ನಿಮಿಷಕ್ಕೊಂದು ಚಿತ್ರ ಸಾಕು. ದೊಡ್ಡ ಗುಂಪಿನ ಕಡೆ ತಿರುಗಿಸಿದರೆ ಯಾವುದು ಎದ್ದಿತು ಎಂದು ತಿಳಿಯುವುದೇ ಇಲ್ಲ. ಹತ್ತಿಪ್ಪತ್ತು ಬಾವಲಿಗಳ ಚಿಕ್ಕ ಗುಂಪು ಕೂರುವ ಜಾಗ ಹುಡುಕಿ.

ಒಂದೊಂದರ ಮೈಬಿಸಿ ಬೇಕಾದಾಗ ಮಾತ್ರ ರೇಡಿಯೊ ಟ್ಯಾಗ್. ಅನುಮತಿ ಪತ್ರ ಮತ್ತು ರೇಬೀಸ್ ಲಸಿಕೆ ಇಲ್ಲದೆ ಬಾವಲಿ ಮುಟ್ಟುವಂತಿಲ್ಲ. ಟ್ಯಾಗ್ ಮೈತೂಕದ ಶೇ. 5 ಮೀರಬಾರದು ಎಂಬ ನಿಯಮವನ್ನು ಹಲವರು ಅಕ್ಟೋಬರಿನ ತೂಕಕ್ಕೆ ಹಚ್ಚುತ್ತಾರೆ. ಅದೇ ಬಾವಲಿ ವಸಂತಕ್ಕೆ 6 ಗ್ರಾಂಗೆ ಇಳಿದಿರುತ್ತದೆ. ನಮ್ಮ ಲೆಕ್ಕ ಆ 6 ಗ್ರಾಂಗೆ, ಅಂದರೆ 0.3 ಗ್ರಾಂ. ಅಷ್ಟು ಚಿಕ್ಕ ಬ್ಯಾಟರಿ ಎರಡು ವಾರದ ಆಸುಪಾಸು ಬಾಳುತ್ತದೆ, ಒಂದೋ ಎರಡೋ ಏಳುವಿಕೆ ಸಿಗುತ್ತದೆ. ಅದಕ್ಕೇ ಹೆಚ್ಚು ಕಾಲದ ಬದಲು ಹೆಚ್ಚು ಬಾವಲಿ.

ಟ್ಯಾಗ್ ತಣ್ಣಗಾದಷ್ಟೂ ಅದು ಕಳಿಸುವ ರೇಡಿಯೊ ಮಿಡಿತ ನಿಧಾನವಾಗುತ್ತದೆ, ಮೈಬಿಸಿ ತಿಳಿಯುವುದು ಅದರಿಂದಲೇ. ಅಂಟಿಸುವ ಮೊದಲು ಪ್ರತಿಯೊಂದನ್ನೂ ನೀರಿನಲ್ಲಿ 0ಯಿಂದ 40 ಡಿಗ್ರಿವರೆಗೆ, 5 ಡಿಗ್ರಿಗೊಮ್ಮೆ ನಿಲ್ಲಿಸಿ ಅಳೆಯಬೇಕು. ಸ್ಟಾಪ್‌ವಾಚ್ ಒತ್ತುವ ಮೊದಲ ಮಿಡಿತ ಸೊನ್ನೆ, ಒಂದಲ್ಲ. ಈ ತಪ್ಪಿನಿಂದ ಹತ್ತು ಮಿಡಿತಕ್ಕೆ ಶೇ. 10ರಷ್ಟು ಕೈತಪ್ಪುತ್ತದೆ. ಬಂದ ಬಿಂದುಗಳಿಗೆ ನೇರ ಗೆರೆ ಎಳೆಯಬೇಡಿ, ಅದು ಬಾಗಿದ ಗೆರೆ. ಆಮೇಲೆ ಹೆಗಲೆಲುಬುಗಳ ನಡುವೆ ಕೂದಲು ಕತ್ತರಿಸಿ ಚರ್ಮಕ್ಕೆಂದೇ ಇರುವ ವೈದ್ಯಕೀಯ ಅಂಟಿನಿಂದ ಕೂರಿಸುತ್ತೇವೆ. ಸೂಪರ್‌ಗ್ಲೂ ಬೇಡವೇ ಬೇಡ, ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಹೆಗಲೆಲುಬುಗಳ ನಡುವೆ ಬಿಸಿ ಹುಟ್ಟಿಸುವ ಕಂದುಕೊಬ್ಬು ಇರುವುದರಿಂದ ಏಳುವಾಗ ಮೊದಲು ಬೆಚ್ಚಗಾಗುವ ಜಾಗವೂ ಅದೇ.

ರೇಡಿಯೊ ಅಲೆ ಬಂಡೆ ದಾಟುವುದಿಲ್ಲ. ಆಂಟೆನಾ ಒಳಗೇ ಇರಬೇಕು, ದಾಖಲೆ 10–15 ನಿಮಿಷಕ್ಕೊಂದು. ಮೈ 6ರಿಂದ 30 ಡಿಗ್ರಿ ದಾಟಲು ಒಂದು ಗಂಟೆಯೂ ಬೇಡ. ಮೂರು ಗಂಟೆಗೊಮ್ಮೆ ಕೇಳಿದರೆ ಇಡೀ ಏಳುವಿಕೆಯೇ ಎರಡು ಅಳತೆಗಳ ನಡುವೆ ಜಾರಿಹೋಗಬಹುದು. ಪಕ್ಕದ್ದು ಎದ್ದಾಗ ಅಂಟಿಕೊಂಡಿರುವುದೂ ಮೂರು ನಾಲ್ಕು ಡಿಗ್ರಿ ಬೆಚ್ಚಗಾಗುತ್ತದೆ. ನಾವು 20 ಡಿಗ್ರಿ ದಾಟಿದ್ದನ್ನಷ್ಟೇ ಎಣಿಸುತ್ತೇವೆ.

ಚಳಿಗಾಲದಲ್ಲಿ ಒಳಗೆ ಹೋಗಿ ಬಂದು ‘ಯಾವುದೂ ಏಳಲಿಲ್ಲ’ ಎನ್ನುವವರನ್ನು ನಂಬಬೇಡಿ. ಕೆನಡಾದ ಡೊನಾಲ್ಡ್ ಥಾಮಸ್ 1995ರಲ್ಲಿ ಪ್ರಕಟಿಸಿದ ಅಳತೆಯಂತೆ, ಮುಟ್ಟದೆ ಬರೀ ಹೋಗಿಬಂದರೂ ಅರ್ಧ ಗಂಟೆಯೊಳಗೆ ಚಲನೆ ಶುರುವಾಗಿ 1ರಿಂದ 7.5 ಗಂಟೆಯ ನಡುವೆ ಉತ್ತುಂಗಕ್ಕೇರುತ್ತದೆ. ಆ ಹೊತ್ತಿಗೆ ಹೋದವರು ಮನೆ ಸೇರಿರುತ್ತಾರೆ.

2006ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಹೌಸ್ ಕೇವ್‌ನಲ್ಲಿ ಮೊದಲು ಚಿತ್ರಕ್ಕೆ ಸಿಕ್ಕ ಬಿಳಿಮೂಗಿನ ರೋಗ ಕೊಲ್ಲುವುದೂ ಇದೇ ದಾರಿಯಲ್ಲಿ. ಶಿಲೀಂಧ್ರ ತಗುಲಿದ ಬಾವಲಿ ಹದಿನಾರರ ಬದಲು ಸುಮಾರು ಎಂಟು ದಿನಕ್ಕೇ ಏಳುತ್ತದೆ: 180 ದಿನಕ್ಕೆ 22 ಸಲ, 2.2 ಗ್ರಾಂ. ಜಡಸ್ಥಿತಿಯ ಅರ್ಧ ಗ್ರಾಂ ಸೇರಿಸಿದರೆ ಕೊಬ್ಬು ಮಾರ್ಚಿಗೇ ಮುಗಿಯಿತು. ಈ ಶಿಲೀಂಧ್ರ 20 ಡಿಗ್ರಿ ಮೇಲೆ ಬೆಳೆಯದು, ಹಾಗಾಗಿ ಕರ್ನಾಟಕದ ಬೆಚ್ಚನೆಯ ಗುಹೆಗಳಿಗೆ ಭಯ ಕಡಿಮೆ. ಆದರೆ ಇಲ್ಲಿ ಅಮೆರಿಕದಲ್ಲಿ ತೊಟ್ಟ ಬೂಟು, ಬಳಸಿದ ಹಗ್ಗವನ್ನು ಊರಿಗೆ ಬಂದಾಗ ಹಿಮಾಲಯದ ಗುಹೆಗೆ ಒಯ್ಯಲೇಬೇಡಿ. ಒಂದು ಗುಹೆಯಿಂದ ಇನ್ನೊಂದಕ್ಕೆ ಹೋಗುವಾಗಲೂ ಮೊದಲು ಮಣ್ಣು ಉಜ್ಜಿ ತೆಗೆದು, ಆಮೇಲೆ 55 ಡಿಗ್ರಿ ನೀರಿನಲ್ಲಿ ಕನಿಷ್ಠ 5 ನಿಮಿಷ ಮುಳುಗಿಸಿಡಿ. ಮಣ್ಣು ಮೆತ್ತಿದ್ದರೆ ಬಿಸಿ ಒಳಗಿನವರೆಗೆ ತಲುಪುವುದಿಲ್ಲ.