ರಾತ್ರಿ ಎರಡರಿಂದ ನಾಲ್ಕು: ಟ್ಯಾಂಕಿನ ಮಟ್ಟ ನೋಡಿ ನಲ್ಲಿ, ಫ್ಲಶ್‌ಗಳ ಸೋರಿಕೆ ಹಿಡಿದ ನನ್ನ ಅನುಭವ

ನಲ್ಲಿಗೊಂದು ಸೆನ್ಸರ್ ಹಾಕದೆ, ಮನೆಗೊಂದು ಮೀಟರ್ ಕೂರಿಸದೆ, ಯಾವ ಬ್ಲಾಕಿನ ಫ್ಲಶ್ ಅಥವಾ ನಲ್ಲಿ ಕೆಡುವ ಹಾದಿಯಲ್ಲಿದೆ ಎಂಬುದನ್ನು ಮೊದಲೇ ತಿಳಿಯಬಹುದು ಎಂದು ನಾನು ಹೇಳಿದಾಗ ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಮಿತಿಯಲ್ಲಿ ನಂಬಿದವರು ಕಡಿಮೆ. ಬೆಂಗಳೂರಿನಲ್ಲಿ ನಾಲ್ಕು ಬ್ಲಾಕು, ಸುಮಾರು 160 ಮನೆಗಳಿರುವ ಸಮುಚ್ಚಯದ ನಿರ್ವಹಣೆ ನನ್ನದು. ರಾತ್ರಿ ಟ್ಯಾಂಕಿನ ಮಟ್ಟ ಇಳಿಯುವುದನ್ನು ನೋಡುವ ಆ ವಿಧಾನ ಈಗ ಒಂದು ಪೂರ್ತಿ ಬೇಸಿಗೆಯ ಪರೀಕ್ಷೆಯನ್ನು ದಾಟಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

2024ರ ನೀರಿನ ಬವಣೆ ಎಲ್ಲರಿಗೂ ನೆನಪಿದೆ. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತವು 5 ಕಿ.ಮೀ. ಒಳಗಿನ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ನಿಗದಿ ಮಾಡುವ ಮೊದಲು ನಾವು ಅದರ ಸುಮಾರು ಎರಡು ಪಟ್ಟು ತೆತ್ತಿದ್ದೆವು. ಜಲಮಂಡಳಿ ಕಡ್ಡಾಯ ಮಾಡಿದ, ನಲ್ಲಿಯ ಬಾಯಿಗೆ ಹಾಕಿ ಹರಿವು ತಗ್ಗಿಸುವ ಏರೇಟರ್‌ಗಳನ್ನೂ ಹಾಕಿಸಿದೆವು. ಆದರೆ ಏರೇಟರ್ ತೆರೆದ ನಲ್ಲಿಯ ನೀರನ್ನು ಉಳಿಸುತ್ತದೆಯೇ ಹೊರತು ಮುಚ್ಚಿದ ನಲ್ಲಿಯಿಂದ, ಸಿಸ್ಟರ್ನಿನ (ಫ್ಲಶ್‌ನ ನೀರಿನ ಡಬ್ಬಿಯ) ಸವೆದ ವಾಷರ್‌ನಿಂದ ಇಡೀ ದಿನ ಇಳಿಯುವ ನೀರನ್ನಲ್ಲ.

ಸ್ಮಾರ್ಟ್ ಮೀಟರಿನವರು ಕೊಟ್ಟ ಅಂದಾಜು ಮೂವತ್ತು ಲಕ್ಷವನ್ನು ದಾಟಿತ್ತು. ಒಂದೊಂದು ಮನೆಗೆ ಬೇರೆ ಬೇರೆ ಶಾಫ್ಟ್‌ಗಳಿಂದ (ಪೈಪುಗಳು ಇಳಿಯುವ ಕಿಂಡಿಗಳಿಂದ) ನಾಲ್ಕೈದು ಕಡೆ ನೀರು ಒಳಬರುವ ನಮ್ಮಂಥ ಕಟ್ಟಡಗಳಲ್ಲಿ ಪ್ರತಿ ಕಡೆಗೂ ಮೀಟರ್ ಬೇಕಾಗುವುದರಿಂದ ಇದು ತಪ್ಪದು. ನನ್ನ ಆಕ್ಷೇಪ ಹಣದ್ದಷ್ಟೇ ಆಗಿರಲಿಲ್ಲ. ಅರ್ಧ ಇಂಚಿನ ಬಿ ದರ್ಜೆಯ ಸಾಮಾನ್ಯ ಮೀಟರು ನಂಬುವಂತೆ ಅಳೆಯುವ ಕನಿಷ್ಠ ಹರಿವು ಗಂಟೆಗೆ 30 ಲೀಟರ್. ಸವೆದ ವಾಷರಿನ ಸಿಸ್ಟರ್ನ್ ಗಂಟೆಗೆ ಐದೋ ಹತ್ತೋ ಲೀಟರ್ ಬಿಡುತ್ತದೆ. ಅಷ್ಟು ಹಣ ಸುರಿದ ಮೇಲೂ ಹಿಡಿಯಬೇಕಾದದ್ದು ಕೈಗೆ ಸಿಗುವ ಭರವಸೆ ಇರಲಿಲ್ಲ.

ಹಾಗಾಗಿ ಓವರ್‌ಹೆಡ್ ಟ್ಯಾಂಕನ್ನೇ ಮೀಟರಾಗಿ ಬಳಸಿದೆ. ನಮ್ಮ ಪ್ರತಿ ಬ್ಲಾಕಿನ ಮೇಲೆ ಎರಡು ಟ್ಯಾಂಕುಗಳಿವೆ: ಒಂದು ನಲ್ಲಿಗಳಿಗೆ, ಇನ್ನೊಂದು ಎಸ್‌ಟಿಪಿಯ (ಕೊಳಚೆನೀರು ಶುದ್ಧೀಕರಣ ಘಟಕದ) ಸಂಸ್ಕರಿಸಿದ ನೀರಿನದು, ಫ್ಲಶ್‌ಗಳಿಗೆ. ನಲ್ಲಿಯ ಟ್ಯಾಂಕಿನ ತಳ ಸುಮಾರು 12 ಚದರ ಮೀಟರ್, ಅಂದರೆ ಮಟ್ಟ ಒಂದು ಮಿಲಿಮೀಟರ್ ಇಳಿದರೆ 12 ಲೀಟರ್ ಹೋಯಿತೆಂದು ಅರ್ಥ. ರಾತ್ರಿ ಎರಡರಿಂದ ನಾಲ್ಕರವರೆಗೆ ತುಂಬುವ ಪಂಪನ್ನು ಟೈಮರ್‌ನಿಂದ ನಿಲ್ಲಿಸಿ ಇಳಿಕೆಯನ್ನು ಮಾತ್ರ ನೋಡಿದರೆ ಸೋರಿಕೆ ಬರಿಗಣ್ಣಿಗೂ ಕಾಣುತ್ತದೆ.

ಸೆನ್ಸರ್‌ಗಳು ಸುಲಭವಾಗಿ ದಾರಿಗೆ ಬರಲಿಲ್ಲ. ಮೊದಲು ಹಾಕಿದ, ಶಬ್ದದ ಅಲೆಯಿಂದ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರುಗಳು ಮುಚ್ಚಳದ ಕೆಳಗೆ ಹನಿಗಟ್ಟುವ ತೇವಕ್ಕೆ ಸೋತು ಮನಬಂದ ಅಂಕಿಗಳನ್ನು ಕೊಟ್ಟವು. ಸುಮಾರು ಹನ್ನೆರಡು ಸಾವಿರ ರೂಪಾಯಿ ಅಲ್ಲಿಗೆ ಹೋಯಿತು. ಅನಂತರ ನೀರಿನಲ್ಲಿ ಮುಳುಗಿಸುವ, ನೀರಿನ ಒತ್ತಡದಿಂದ ಮಟ್ಟ ತಿಳಿದು 4–20 ಮಿಲಿಆಂಪಿಯರ್ ವಿದ್ಯುತ್ ಸಂಕೇತ ಕೊಡುವ ಸೆನ್ಸರುಗಳಿಗೆ ಬಂದೆ. ಅವುಗಳ ಸಂಕೇತವನ್ನು ಇಎಸ್‌ಪಿ32 ಎಂಬ ನಿಯಂತ್ರಕ ಚಿಪ್ಪಿನ ಒಳಗಿನ ಎಡಿಸಿಯಲ್ಲಿ (ಸಂಕೇತವನ್ನು ಅಂಕಿಯಾಗಿಸುವ ಭಾಗದಲ್ಲಿ) ಓದುವುದು ವ್ಯರ್ಥ ಪ್ರಯಾಸ. ಅದೇ ಕೆಲಸದ ಹೆಚ್ಚು ನಿಖರವಾದ ಪ್ರತ್ಯೇಕ ಚಿಪ್ಪು ಎಡಿಎಸ್1115 ಹಾಕಿದ ಮೇಲೆಯೇ ಮಿಲಿಮೀಟರ್ ಸ್ಥಿರವಾಗಿ ನಿಂತಿತು. ಕಾಂಕ್ರೀಟಿನ ನಡುವೆ ವೈಫೈ ನೆಚ್ಚಿಕೊಳ್ಳುವಂತಿರಲಿಲ್ಲವಾದ್ದರಿಂದ ಅಂಕಿಗಳನ್ನು ಕಳಿಸಲು ದೂರಕ್ಕೂ ತಲುಪುವ 865 ಮೆಗಾಹರ್ಟ್ಸ್‌ನ ಲೋರಾ ರೇಡಿಯೋ ಬಳಸಿದೆ.

ಒಂದು ಮಳೆಗಾಲದಲ್ಲಿ ಕೆಲವು ಟ್ಯಾಂಕುಗಳು ಪ್ರತಿ ರಾತ್ರಿ ಒಂದೇ ಅಳತೆಯಲ್ಲಿ, ನಾಲ್ಕೈದು ಮಿಲಿಮೀಟರ್, ಇಳಿಯತೊಡಗಿದವು. ಪ್ಲಂಬರ್ ಇಡೀ ಬ್ಲಾಕನ್ನು ಜಾಲಾಡಿದರೂ ಏನೂ ಸಿಗದಿದ್ದಾಗ ಸಮಿತಿಯವರ ಸಂಶಯ ಮತ್ತೆ ಎದ್ದಿತು. ಕಾರಣವಿದ್ದದ್ದು ಹೊರಗಿನ ವಾಯುಭಾರವನ್ನು ಲೆಕ್ಕದಿಂದ ಕಳೆಯಲೆಂದು ಸೆನ್ಸರಿನ ಕೇಬಲ್ಲಿನಲ್ಲಿರುವ ಗಾಳಿಯ ಸಣ್ಣ ಕೊಳವೆಯಲ್ಲಿ. ತೇವದಿಂದ ಅದು ಕಟ್ಟಿಕೊಂಡರೆ ವಾಯುಭಾರದ ಏರಿಳಿತವೂ ನೀರಿನ ಮಟ್ಟವಾಗಿ ದಾಖಲಾಗುತ್ತದೆ, ಮತ್ತು ನಮ್ಮ ಅಕ್ಷಾಂಶದಲ್ಲಿ ವಾಯುಭಾರವು ಬೆಳಗಿನ ಜಾವ ನಾಲ್ಕರ ಸುಮಾರಿಗೆ ಪ್ರತಿದಿನವೂ ತಗ್ಗುತ್ತದೆ. ಕೊಳವೆಯ ಬಾಯಿಗೆ ಸಿಲಿಕಾ ಜೆಲ್ ಇಟ್ಟ ಪುಟ್ಟ ಡಬ್ಬಿ ಜೋಡಿಸಿದ ಮೇಲೆ ಆ ಸುಳ್ಳು ಸೋರಿಕೆ ನಿಂತಿತು. ಬೇರೆ ಕಡೆಗಳಲ್ಲಿ ಇಂಥ ವ್ಯವಸ್ಥೆಯನ್ನು ನಂಬಲಾಗದೆಂದು ಕೈಬಿಟ್ಟವರು ಮೊದಲು ಈ ಕೊಳವೆಯನ್ನು ನೋಡಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಯಾವ ಶಾಫ್ಟ್ ಎಂದು ತಿಳಿಯಲು ಇಳಿಯುವ ಪೈಪುಗಳಿಗೆ ಡಿಎಸ್18ಬಿ20 ಉಷ್ಣತಾ ಸೆನ್ಸರ್ ಕಟ್ಟಿ ಮೇಲೆ ಫೋಮ್ ಸುತ್ತಿದ್ದೇನೆ. ನೀರು ನಿಂತ ಪೈಪು ರಾತ್ರಿ ಶಾಫ್ಟಿನ ಗಾಳಿಯ ಉಷ್ಣತೆಗೆ ಬರುತ್ತದೆ, ಹರಿಯುತ್ತಿರುವ ಪೈಪು ಟ್ಯಾಂಕಿನ ಉಷ್ಣತೆಯಲ್ಲೇ ಉಳಿಯುತ್ತದೆ. ಸೆನ್ಸರನ್ನು ಯಾವ ಎತ್ತರದಲ್ಲಿ ಕಟ್ಟಬೇಕು, ಎರಡರ ವ್ಯತ್ಯಾಸ ಕಿರಿದಾಗುವ ರಾತ್ರಿಗಳಲ್ಲಿ ಲೆಕ್ಕವನ್ನು ಹೇಗೆ ತಿದ್ದಬೇಕು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮುನ್ಸೂಚನೆ ಸಿಗುವುದು ಇಳಿಕೆ ಬೆಳೆಯುವ ರೀತಿಯಿಂದ. ಒಂದೇ ರಾತ್ರಿಯಲ್ಲಿ ಜಿಗಿದರೆ ಸಾಮಾನ್ಯವಾಗಿ ಸಿಸ್ಟರ್ನ್ ತುಂಬಿದಾಗ ನೀರು ನಿಲ್ಲಿಸುವ ಬಾಲ್ ಕಾಕ್ ಸಿಕ್ಕಿಕೊಂಡಿರುತ್ತದೆ. ವಾರಗಟ್ಟಲೆ ನಿಧಾನವಾಗಿ ಏರಿದರೆ ವಾಷರ್ ಸವೆಯುತ್ತಿದೆ. ನಿಧಾನದ ಏರಿಕೆ ಕಂಡ ಶಾಫ್ಟಿನ ಎಲ್ಲ ಸಿಸ್ಟರ್ನ್‌ಗಳ ವಾಷರನ್ನೂ ಒಂದೇ ದಿನ ಬದಲಾಯಿಸುತ್ತೇವೆ. ಐವತ್ತು ರೂಪಾಯಿಯ ವಾಷರಿಗಾಗಿ ಪ್ಲಂಬರ್‌ಗೆ ಪ್ರತಿ ಬಾರಿ ನಾನೂರು ಕೊಡುವುದು ಇದರಿಂದ ತಪ್ಪಿತು. ಫ್ಲಶ್ ಟ್ಯಾಂಕಿನ ಸೋರಿಕೆ ಸಂಸ್ಕರಿಸಿದ ನೀರಿನದಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ನೀರು ಸಾಲದಾದಾಗ ಅಲ್ಲಿಗೆ ಸೇರುವುದು ಹಣ ಕೊಟ್ಟು ತಂದ ನೀರೇ.

ಮೇಲಿನ ಎರಡು ಮಹಡಿಗಳ ಪ್ರೆಷರ್ ಪಂಪಿನ ತಂತಿಗೆ ವಿದ್ಯುತ್ ಹರಿವು ಅಳೆಯುವ ಸಿಟಿ ಕ್ಲ್ಯಾಂಪ್ ಹಾಕಿದ್ದು ಮೊದಲು ಬರೀ ಕುತೂಹಲಕ್ಕೆ, ಆದರೆ ಅದೇ ಹೆಚ್ಚು ಕಲಿಸಿತು. ರಾತ್ರಿ ಮಾತ್ರ ಪದೇ ಪದೇ ಪಂಪು ಚಾಲೂ ಆದರೆ ಮನೆಯೊಳಗೆ ಸೋರಿಕೆಯಿದೆ; ಹಗಲಿನಲ್ಲೂ ಕ್ಷಣಕಾಲ ಓಡಿ ನಿಲ್ಲುತ್ತಿದ್ದರೆ ಪಂಪಿಗೆ ಜೋಡಿಸಿದ, ಗಾಳಿಯಿಂದ ಒತ್ತಡ ಕಾಯುವ ಪ್ರೆಷರ್ ಟ್ಯಾಂಕಿನ ಗಾಳಿ ಹೋಗಿದೆ. ಇದನ್ನು ಮೊದಲೇ ಕಂಡುಕೊಂಡು ಗಾಳಿ ತುಂಬಿಸಿದ್ದರಿಂದ ಒಂದು ಮೋಟಾರಿನ ರಿವೈಂಡಿಂಗ್ ಖರ್ಚು ಉಳಿಯಿತೆಂದು ಖಚಿತವಾಗಿ ಹೇಳಬಲ್ಲೆ. ಪೈಪಿಗೆ ಮೈಕ್ ಅಂಟಿಸಿ ಸೋರಿಕೆಯ ಸದ್ದು ಕೇಳುವ ಪ್ರಯೋಗವನ್ನೂ ಮಾಡಿದೆ. ಲಿಫ್ಟಿನ ಸದ್ದಿನಲ್ಲಿ ಅದು ಮುಳುಗಿಹೋಯಿತು.

ಒಟ್ಟು ಖರ್ಚು, ಹಾಳಾದ ಸಾಮಾನುಗಳೂ ಸೇರಿ, ಒಂದು ಲಕ್ಷದ ಆಸುಪಾಸು. ನಾಲ್ಕೂ ಬ್ಲಾಕುಗಳ ನಲ್ಲಿ ಟ್ಯಾಂಕುಗಳಿಂದ ರಾತ್ರಿ ಗಂಟೆಗೆ ಸುಮಾರು 600 ಲೀಟರ್ ಇಳಿಯುತ್ತಿದ್ದದ್ದು ಈಗ 150ರ ಹತ್ತಿರವಿದೆ. ದಿನಕ್ಕೆ ಲೆಕ್ಕ ಹಾಕಿದರೆ ಹತ್ತಿರಹತ್ತಿರ ಒಂದು ಟ್ಯಾಂಕರ್ ನೀರು ಉಳಿದಂತಾಯಿತು. ಹಿಂದೆ ವಿರೋಧಿಸಿದ್ದ ಸದಸ್ಯರೇ ಈಗ ತಿಂಗಳ ಸಭೆಯಲ್ಲಿ ರಾತ್ರಿಯ ಅಂಕಿಯನ್ನು ಮೊದಲು ಕೇಳುತ್ತಾರೆ. ಸದ್ಯ ಕೆಳಮಹಡಿಗಳ ಒತ್ತಡ ತಗ್ಗಿಸುವ ವಾಲ್ವ್‌ಗಳನ್ನು ದಾಟಿದ ಪೈಪಿನಲ್ಲಿ ಪ್ರೆಷರ್ ಸೆನ್ಸರ್ ಕೂರಿಸುತ್ತಿದ್ದೇನೆ. ಬಳಕೆ ನಿಂತ ರಾತ್ರಿಯ ಹೊತ್ತಿನಲ್ಲಿ ಅಲ್ಲಿನ ಒತ್ತಡ ಮೆಲ್ಲನೆ ಏರುತ್ತಿದ್ದರೆ ವಾಲ್ವು ಮುಚ್ಚಿ ಕೂರುವ ಜಾಗ, ಅದರ ಸೀಟು, ಸವೆದಿದೆ ಎಂದರ್ಥ, ಮತ್ತು ಬಿ ಬ್ಲಾಕಿನ ಒಂದು ವಾಲ್ವ್‌ನಲ್ಲಿ ಆ ಏರಿಕೆ ಈಗಾಗಲೇ ಕಾಣಿಸಿಕೊಂಡಿದೆ.